ದನಿ ನನ್ನದು, ಬೀಜಗಣಿತ ಅತ್ತೆಯದು

ಒಬ್ಬರನ್ನು ಅನುಕರಿಸಲು ಅವರ ಬುದ್ಧಿ ಬೇಕಾಗಿಲ್ಲ, ದನಿಯೊಂದು ಸಿಕ್ಕರೆ ಸಾಕು ಎಂಬುದು ಮೊನ್ನೆಮೊನ್ನೆಯವರೆಗೂ ನನ್ನ ದೃಢವಾದ ನಂಬಿಕೆಯಾಗಿತ್ತು. ಈ ನಂಬಿಕೆಯ ಬಲದಿಂದಲೇ ನೆಂಟರ ಮದುವೆ, ಮುಂಜಿ, ನಾಮಕರಣಗಳಲ್ಲಿ ನನಗೊಂದು ಸ್ಥಾನಮಾನವಿದೆ. ಬೋಗಾದಿಗೆ ಬರುವುದಿಲ್ಲ ಎನ್ನುವ ಮೊದಲು ಆಟೋದವರು ಎಳೆಯುವ ರಾಗ, ಫೋನೇ ಬೇಡವೆನ್ನುವಷ್ಟು ಗಟ್ಟಿಯಾಗಿ ಫೋನಿನಲ್ಲಿ ಮಾತಾಡುವ ನಮ್ಮಪ್ಪ, ತಲೆ ಬಾಚಿಕೊಳ್ಳುವಾಗ ಕನ್ನಡಿಗೆ ನಾನೇ ತೋರಿಸುವ ಹೀರೋ ಮುಖ, ಯಾವುದನ್ನೂ ಬಿಟ್ಟವನಲ್ಲ. ಆದರೆ ಜನ ಮತ್ತೆ ಮತ್ತೆ ಕೇಳುವುದು ಮಾತ್ರ ಸರಸತ್ತೆಯ ಬೀಜಗಣಿತದ ಪಾಠವನ್ನೇ.

ಸರಸತ್ತೆ ನನ್ನ ಸೋದರತ್ತೆ. ಕೃಷ್ಣಮೂರ್ತಿಪುರಂನ ತಮ್ಮ ಮನೆಯಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಸಂಜೆ ಟ್ಯೂಷನ್ ಹೇಳುತ್ತಾರೆ. ಸಮೀಕರಣದ ಒಂದು ಪದವನ್ನು ಸಮಚಿಹ್ನೆಯ ಆಚೆಗೆ ದಾಟಿಸುವಾಗ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, "ಪಕ್ಷಾಂತರ ಮಾಡಿದ್ಮೇಲೆ ಚಿಹ್ನೆ ಬದಲಾಯಿಸ್ದೆ ಇರೋಕಾಗುತ್ತೇನ್ರೋ" ಎನ್ನುತ್ತಾರೆ. ಉತ್ತರ ಬಂದ ಮೇಲೆ ಕಣ್ಣು ಮುಚ್ಚಿ, ಸೀಮೆಸುಣ್ಣವನ್ನು ಗಲ್ಲಕ್ಕೊತ್ತಿ, ತುಟಿಯನ್ನು ಪಿಟಿಪಿಟಿ ಆಡಿಸುತ್ತಾ ಒಂದು ಗಳಿಗೆ ನಿಂತುಬಿಡುತ್ತಾರೆ. ಗಲ್ಲದ ಮೇಲೊಂದು ಬಿಳಿ ಬೊಟ್ಟು ಮೂಡುತ್ತದೆ. ನನ್ನ ಪ್ರದರ್ಶನದಲ್ಲಿ ಅತಿ ಹೆಚ್ಚು ಚಪ್ಪಾಳೆ ಬೀಳುವುದು ಆ ನಿಲುಗಡೆಗೇ. ಅತ್ತೆ ಯಾವುದೋ ದೇವರನ್ನು ನೆನೆಯುತ್ತಾರೆ ಎಂದು ನಾನು ಅಂದುಕೊಂಡಿದ್ದೆ.

ಕಳೆದ ತಿಂಗಳು ಅತ್ತೆಯ ಗಂಟಲು ಕಟ್ಟಿತು. ಒಂದು ವಾರ ಬಾಯಿ ಬಿಡಲೇಕೂಡದು ಎಂದರು ಡಾಕ್ಟರು. ಪರೀಕ್ಷೆಯೋ ಹತ್ತಿರದಲ್ಲೇ ಇತ್ತು. ಅತ್ತೆಗೆ ಮಿಕ್ಕ ಮಕ್ಕಳಿಗಿಂತ ಪಲ್ಲವಿಯದೇ ಚಿಂತೆ. ಪಲ್ಲವಿಯ ರಬ್ಬರು ಪೆನ್ಸಿಲಿಗಿಂತ ಬೇಗ ಸವೆಯುತ್ತದೆ. ಉತ್ತರ ಬರೆದು, ಮಿಸ್ ಮುಖ ನೋಡಿ, ಮಿಸ್ ಸುಮ್ಮನೆ ಕೆಮ್ಮಿದರೂ ಅಳಿಸಿಬಿಡುವ ಹುಡುಗಿ ಅವಳು. ಪರೀಕ್ಷೆಯಲ್ಲಿ ನೋಡಲು ಮುಖ ಸಿಗದೆ ಖಾಲಿ ಹಾಳೆ ಕೊಟ್ಟು ಬರುತ್ತಾಳೆ. ಅವಳ ಉತ್ತರವನ್ನು ಅವಳೇ ನಂಬಲಿ ಎಂದು ಅತ್ತೆ ತಾಳೆ ನೋಡುವುದನ್ನು ಹಟ ಹಿಡಿದು ಕಲಿಸುತ್ತಿದ್ದರು. ಬಂದ ಬೆಲೆಯನ್ನು ಲೆಕ್ಕದಲ್ಲಿ x ಇದ್ದ ಕಡೆಯೆಲ್ಲ ಹಾಕು, ಎರಡೂ ಬದಿ ಒಂದೇ ಆದರೆ ಉತ್ತರ ಸರಿ, ಆಮೇಲೆ ನನ್ನನ್ನೂ ಕೇಳಬೇಡ ಎನ್ನುತ್ತಿದ್ದರು. ಈಗ ಪಾಠ ನಿಂತರೆ ಪಟ್ಟ ಪಾಡೆಲ್ಲ ನೀರುಪಾಲು. ಹೀಗಾಗಿ ನನಗೆ ಕರೆ ಬಂತು. ಅತ್ತೆ ಮೊಬೈಲಿನಲ್ಲಿ ಬರೆದು ತೋರಿಸಿದರು: "ಊರಲ್ಲೆಲ್ಲಾ ನನ್ನ ಹಂಗೆ ಆಡ್ತೀಯಂತಲ್ಲ, ಇಲ್ಲಿ ಬಂದು ಆಡು."

ಮೊದಲು ಅವರು ಬರೆಯುತ್ತಿದ್ದರು, ನಾನು ಅವರ ದನಿಯಲ್ಲಿ ಹೇಳುತ್ತಿದ್ದೆ. ಮಕ್ಕಳು ಬಿದ್ದುಬಿದ್ದು ನಕ್ಕರು. ಆ ನಗು ನನ್ನ ತಲೆಗೇರಿತು. ವಾರದ ನಡುವೆ ಸೀಮೆಸುಣ್ಣವನ್ನೂ ಕಿತ್ತುಕೊಂಡು, 5x − 3 = 2x + 9 ಎಂದು ಬರೆದು, ಮಕ್ಕಳಿಗೂ ಮಾಡಲು ಹೇಳಿ, ನಾನೇ ಬೋರ್ಡಿಗಿಳಿದೆ. ಸೆರಗಿಲ್ಲದ್ದಕ್ಕೆ ಷರಟಿನ ತುದಿಯನ್ನೇ ಸೊಂಟಕ್ಕೆ ಸಿಕ್ಕಿಸಿದೆ. ಪಕ್ಷಾಂತರದ ಮಾತನ್ನು ಅತ್ತೆಯ ರಾಗದಲ್ಲೇ ಹೇಳಿದೆ. ಆ ರಾಗದ ಭರದಲ್ಲಿ ಮೈನಸ್ ಮೂರು ಮೈನಸ್ಸಾಗಿಯೇ ಆಚೆ ದಾಟಿಬಿಟ್ಟಿತು. 3x = 6, x = 2. ಕಣ್ಣು ಮುಚ್ಚಿದೆ, ಸೀಮೆಸುಣ್ಣವನ್ನು ಗಲ್ಲಕ್ಕೊತ್ತಿದೆ, ತುಟಿ ಆಡಿಸಿದೆ. ನಗುವಿಗೆ ಕಾದೆ.

ನಗು ಬರಲಿಲ್ಲ. ಕಣ್ಣು ಬಿಟ್ಟರೆ ಪಲ್ಲವಿ ಒಮ್ಮೆ ಬೋರ್ಡನ್ನೂ ಒಮ್ಮೆ ತನ್ನ ಪುಸ್ತಕವನ್ನೂ ನೋಡುತ್ತಿದ್ದಳು. ಅವಳು ಬರೆದದ್ದು ನಾಲ್ಕು. ಕೈ ರಬ್ಬರಿಗೆ ಹೋಯಿತು. ಬೆತ್ತದ ಕುರ್ಚಿಯಿಂದ ಅತ್ತೆ ಎದ್ದೇಬಿಟ್ಟರು. ಡಾಕ್ಟರ ಮಾತು ಮುರಿದೇ ಮುರಿಯುತ್ತಾರೆ ಎಂದುಕೊಂಡೆ. ಅವರು ಬಾಯಿ ತೆರೆದು, ಮತ್ತೆ ಮುಚ್ಚಿ, ಪಲ್ಲವಿಯನ್ನೇ ನೋಡುತ್ತಾ ಬೆರಳನ್ನು ಗಲ್ಲಕ್ಕಿಟ್ಟುಕೊಂಡರು.

ಪಲ್ಲವಿ ರಬ್ಬರು ಕೆಳಗಿಟ್ಟಳು. ಕಣ್ಣು ಮುಚ್ಚಿದಳು. ಅವಳ ಪಿಟಿಪಿಟಿ ಮಾತ್ರ ಕಿವಿಗೆ ಬೀಳುವಂತಿತ್ತು: "ಐದ್ನಾಲ್ಕ್ಲ ಇಪ್ಪತ್ತು, ಮೂರು ಹೋದ್ರೆ ಹದಿನೇಳು. ಎರಡ್ನಾಲ್ಕ್ಲ ಎಂಟು, ಒಂಬತ್ತು ಸೇರಿದ್ರೆ ಹದಿನೇಳು." ಕಣ್ಣು ಬಿಟ್ಟವಳು ಯಾರ ಮುಖವನ್ನೂ ನೋಡದೆ ಹೇಳಿದಳು, "ನಿಮ್ದು ತಾಳೆ ಆಗ್ತಿಲ್ಲ ಕಣಣ್ಣ. ಎಡಗಡೆ ಏಳು, ಬಲಗಡೆ ಹದಿಮೂರು ಬರುತ್ತೆ."

ಇಷ್ಟು ವರ್ಷ ನಾನು ಚಪ್ಪಾಳೆ ಗಿಟ್ಟಿಸಿಕೊಂಡ ಆ ನಿಲುಗಡೆಯೊಳಗೆ ಇದು ನಡೆಯುತ್ತಿತ್ತು. ಪ್ರತಿ ವರ್ಷ ಅದೇ ಲೆಕ್ಕ, ಉತ್ತರ ಬಾಯಿಪಾಠವಾಗಿದ್ದರೂ ಅತ್ತೆ ಪ್ರತಿ ಸಲವೂ ಎರಡೂ ಬದಿಯನ್ನು ವಿಚಾರಿಸಿಯೇ ಮುಂದೆ ಹೋಗುತ್ತಿದ್ದರು. ನಾನು ಡಬ್ಬಿಯನ್ನು ಮುಚ್ಚಳದ ಸಮೇತ ಹೊತ್ತು ತಂದಿದ್ದೆ, ತಿಂಡಿ ಹಾಕಿಕೊಂಡಿರಲಿಲ್ಲ. ಪಲ್ಲವಿ ರಬ್ಬರನ್ನು ನನ್ನ ಕಡೆ ನೂಕಿ, ಇದು ನಿಮ್ಮ ಹತ್ತಿರವೇ ಇರಲಿ ಎಂದಳು. ಆಗ ಎಲ್ಲರೂ ನಕ್ಕರು.

ವಾರ ಕಳೆದು ಅತ್ತೆಯ ದನಿ ಮರಳಿತು. ಮೊದಲ ಮಾತೇನಿರಬಹುದೆಂದು ಮಕ್ಕಳೊಂದಿಗೆ ನಾನೂ ಕಾದೆ. ಅತ್ತೆ, ತಾವು ತೊಟ್ಟೇ ಇರದ ಷರಟಿನ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿದಂತೆ ಮಾಡಿ, ನನಗೆ ಮಾತ್ರ ಬರುತ್ತದೆಂದುಕೊಂಡಿದ್ದ ಆ ಕನ್ನಡಿ ಮುಂದಿನ ಹೀರೋ ಮುಖ ಮಾಡಿ, ನನ್ನದೇ ದನಿಯಲ್ಲಿ "ಎಕ್ಸ್ ಈಕ್ವಲ್ಸ್ ಟೂ" ಎಂದರು. ನನಗೆ ಎಂದೂ ಸಿಗದಷ್ಟು ಚಪ್ಪಾಳೆ ಬಿತ್ತು. ನಾನು ಕಣ್ಣು ಮುಚ್ಚಿ, ಬೆರಳನ್ನು ಗಲ್ಲಕ್ಕಿಟ್ಟು ತಾಳೆ ನೋಡಿದೆ. ಎಡಗಡೆ ಅತ್ತೆ, ಬಲಗಡೆ ನಾನು. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಬರಲಿಲ್ಲ.