ಸಾಣಿಗೆ ಬಳೆಯ ಚಕ್ರ

ಕದ ಬಡಿದರೆ ಸಿಡಿಮಿಡಿಗೊಳ್ಳುವ ಹೆಂಗಸರನ್ನು ನಾನು ಬಹಳ ನೋಡಿದ್ದೇನೆ. ಒಲೆಯ ಮೇಲೆ ಹಾಲಿಟ್ಟಾಗಲೇ ಬರುತ್ತಾರೆ, ಈಗಷ್ಟೇ ಅಡ್ಡಾಗಿದ್ದೆ ಎನ್ನುವಾಗಲೇ ಬರುತ್ತಾರೆ ಎಂದು ಅವರ ದೂರು. ನನ್ನ ದೂರು ಬೇರೆಯೇ ಇತ್ತು. ಎಪ್ಪತ್ತರ ದಶಕದ ಕೊನೆಯಲ್ಲಿ ನಮ್ಮವರಿಗೆ ಖಾನಾಪುರಕ್ಕೆ ವರ್ಗವಾದಾಗ ನಮಗೆ ಸಿಕ್ಕ ಬಾಡಿಗೆ ಮನೆಯ ಕದ ಗಟ್ಟಿಮುಟ್ಟಾದ ಹಲಸಿನ ಮರದ್ದು. ಅಂಥ ಕದವನ್ನು ಬಡಿಯುವವರೇ ಇರಲಿಲ್ಲ. ಹಾಲಿನವನು ಕಿಟಕಿಯಲ್ಲೇ ಕೂಗಿ ಹೋಗುತ್ತಿದ್ದ. ಒಮ್ಮೊಮ್ಮೆ ನಾನೇ ಹೊರಗೆ ಹೋಗಿ, ಬಡಿದು ನೋಡಿ, ಸದ್ದು ಒಳಗೆ ಕೇಳಿಸುತ್ತದೆಯೇ ಎಂದು ಪರೀಕ್ಷಿಸಿದ್ದೂ ಉಂಟು. ಒಳಗೆ ಕೇಳುವವರು ಯಾರೂ ಇಲ್ಲದ್ದರಿಂದ ಪರೀಕ್ಷೆ ಪೂರ್ತಿಯಾಗುತ್ತಿರಲಿಲ್ಲ.

ಬೆಳಗಾವಿಯ ಸದಾಶಿವನಗರದಲ್ಲಿ ಹಾಗಿರಲಿಲ್ಲ. ಅಲ್ಲಿ ನಮ್ಮ ಗೋಡೆಗೆ ಹತ್ತಿಕೊಂಡೇ ಮೆಹರುನ್ನಿಸಾ ಆಪಾಳ ಮನೆ. ನನಗಿಂತ ಹಿರಿಯಳು, ಮಾತಿನಲ್ಲಿ ಖಾರ, ಕೈಯಲ್ಲಿ ಸದಾ ಕ್ರೋಶಾ ಸೂಜಿ. ಮಧ್ಯಾಹ್ನದ ಊಟವಾದ ಮೇಲೆ ಇಬ್ಬರೂ ಅವಳ ಪಡಸಾಲೆಯಲ್ಲಿ ಕುಳಿತು ದಾರದ ಉಂಡೆ ಉರುಳಿಸುತ್ತಿದ್ದೆವು. ಟೀಪಾಯಿಗೆ, ರೇಡಿಯೋಕ್ಕೆ, ನೀರಿನ ತಂಬಿಗೆಗೆ ಮುಸುಕು ಹಾಕಿ ಮುಗಿದ ಮೇಲೆ, ಮೈಮೇಲೆ ಬಟ್ಟೆಯಿಲ್ಲದ ವಸ್ತು ಮನೆಯಲ್ಲಿ ಉಳಿದಿದ್ದು ಬೆಕ್ಕೊಂದೇ. ಆಗ ಆಪಾ ದಂಡಿನವರ ಕ್ಯಾಂಪಿನ ರದ್ದಿ ಅಂಗಡಿಯಿಂದ ತಂದ ಹಳೆಯ ವಿಲಾಯತಿ ಪುಸ್ತಕದಲ್ಲಿ ಒಂದು ಚಿತ್ರ ಕಂಡಿತು. ಒಂದು ಬಾಗಿಲು, ಅದರ ನಡುವೆ ದುಂಡಗಿನ ಚಕ್ರ, ಚಕ್ರಕ್ಕೆ ದಾರದ ಹೆಣಿಗೆಯ ಹೊದಿಕೆ, ಅಂಚಿಗೆಲ್ಲ ನಿರಿಗೆ, ಹೂವು. ಕೆಳಗಿನ ಇಂಗ್ಲಿಷು ಇಬ್ಬರಿಗೂ ಅಷ್ಟಕ್ಕಷ್ಟೇ. ಇದು ಆ ಕಡೆಯವರ ತೋರಣ, ಅವರಲ್ಲಿ ಮಾವಿನೆಲೆ ಸಿಗುವುದಿಲ್ಲ ಪಾಪ, ಎಂದು ನಾವೇ ತೀರ್ಮಾನಿಸಿದೆವು.

ಅಷ್ಟರಲ್ಲಿ ವರ್ಗದ ಹುಕುಂ ಬಂತು. ಸಾಮಾನು ಕಟ್ಟುವಾಗ ನಾನು ಅತ್ತಿದ್ದನ್ನು ನೋಡಿ, ನಾಲ್ಕು ದಿನಕ್ಕೆಂದು ಊರಿನಿಂದ ಬಂದಿದ್ದ ನಮ್ಮತ್ತೆ, “ಖಾನಾಪುರ ಏನ್ ಕಾಶಿ ಏನs? ರೈಲ ಹತ್ತಿದ್ರ ಒಂದ ನಿದ್ದಿ ಆಗೂದ್ರಾಗ ಬರ್ತೈತಿ” ಎಂದರು. ಆಪಾ ಮಾತ್ರ ಪುಸ್ತಕದ ಆ ಹಾಳೆಯನ್ನು ನನ್ನ ಕೈಗಿಟ್ಟು, “ಅಳಬ್ಯಾಡ ಶಾಂತಾ. ಇದನ್ನ ಹಾಕಿ ಕದಕ್ಕ ತೂಗಬಿಡು. ತೂಗಬಿಟ್ಟ ಸುದ್ದಿ ಬಂತಂದ್ರ ನೋಡಾಕ ನಾನs ಬರ್ತೀನಿ” ಎಂದಿದ್ದಳು. ಹೀಗಾಗಿ ಆ ಚಕ್ರ ನನಗೆ ಬರೀ ಅಲಂಕಾರದ ಸಾಮಾನಾಗಿ ಉಳಿಯಲಿಲ್ಲ. ಅದು ಮುಗಿದರೆ ಆಪಾ ಬರುತ್ತಾಳೆ, ಅಷ್ಟೇ ನನಗೆ ಗೊತ್ತಿದ್ದದ್ದು.

ಚಕ್ರಕ್ಕೆ ಬಳೆ ಬೇಕಲ್ಲ? ಜಾಲರಿ ಹರಿದ ಹಳೆಯ ಸಾಣಿಗೆ ಒಂದಿತ್ತು. ಹಿಟ್ಟು ಸೋಸಿ ಸೋಸಿ ಸುಸ್ತಾಗಿದ್ದ ಅದರ ಬಳೆಯನ್ನು ಬಿಡಿಸಿಕೊಂಡೆ. ಉದ್ದನೆಯ ಪಟ್ಟಿ ಹೆಣೆದು, ಬಳೆಗೆ ಸುತ್ತಿ, ಹಿಂದಿನಿಂದ ಹೊಲಿದುಬಿಡುವುದು. ಅಂಚಿಗೆ ನಿರಿಗೆ, ಅಲ್ಲಲ್ಲಿ ಹೂವು. ಸೂಜಿಯಿಂದ ದಾರದ ಸರಪಳಿ ಹಾಕುತ್ತಾ, ಅದರ ಮೇಲೆ ದಾರದ ಕಂಬ ಏರಿಸುತ್ತಾ ಆಪಾಳ ಜೊತೆ ಮನಸ್ಸಿನಲ್ಲೇ ಮಾತಾಡುತ್ತಿದ್ದೆ. ಅವಳ ಉತ್ತರಗಳನ್ನೂ ನಾನೇ ಕೊಡುತ್ತಿದ್ದೆ. ಬೈಗುಳ ಮಾತ್ರ ಅವಳಷ್ಟು ಚೆನ್ನಾಗಿ ಬರುತ್ತಿರಲಿಲ್ಲ. ಬಣ್ಣದ ದಾರ ಖಾನಾಪುರದ ಪೇಟೆಯಲ್ಲಿ ಸಿಗಲಿಲ್ಲ, ಹಾಗಾಗಿ ಪಟ್ಟಿ ಬಿಳಿ, ಹೂವೂ ಬಿಳಿ. ನಮ್ಮವರು ಕೆಲಸದ ಮೇಲೆ ಕಣಕುಂಬಿಯ ಕಾಡಿಗೆ ಹೋಗಿ ಮಳೆಯಲ್ಲಿ ಸಿಕ್ಕಿಕೊಂಡು ಬಹಳ ದಿನವಾಗಿತ್ತು. ಅವರು ಬರುವುದರೊಳಗೆ ಮುಗಿಸಿ, ಒಂದು ಸಂಜೆ ಕದಕ್ಕೆ ಮೊಳೆ ಹೊಡೆದು ತೂಗುಹಾಕಿದೆ.

ಮರುದಿನ ಬೆಳಿಗ್ಗೆ ಕದ ಬಡಿಯಿತು. ಕೈಯ ಕೆಲಸ ಬಿಟ್ಟು ಓಡಿದೆ. ತೆಗೆದರೆ ಎದುರು ಮನೆಯ ಗಂಗೂಬಾಯಿ, ಅವಳ ಹಿಂದೆ ಓಣಿಯ ಮೂರ್ನಾಲ್ಕು ಹೆಂಗಸರು, ಕೈಯಲ್ಲಿ ಮುಚ್ಚಿದ ಬುಟ್ಟಿ. ಮನೆಯಲ್ಲಿ ಮರಾಠಿ, ಬೀದಿಯಲ್ಲಿ ಕನ್ನಡ ಆಡುವ ಗಂಗೂಬಾಯಿ ಅದುವರೆಗೆ ನನ್ನತ್ತ ನೋಡಿ ನಕ್ಕಿದ್ದೂ ಇಲ್ಲ. ಎಲ್ಲರೂ ಸದ್ದಿಲ್ಲದೆ ಬಂದು ಗೋಡೆಗೊರಗಿ ಕುಳಿತರು.

“ಯಾವಾಗ ಆತ್ರೀ?” ಎಂದಳು ಗಂಗೂಬಾಯಿ, ಮೆಲ್ಲಗೆ.

“ನಿನ್ನಿ ಸಂಜಿಕ್ರೀ,” ಎಂದೆ ಹೆಮ್ಮೆಯಿಂದ.

“ಬಾಜೂಕ ಯಾರೂ ಇರ್ಲಿಲ್ಲೇನ್ರೀ?”

“ಯಾರೂ ಇಲ್ರೀ. ಎಲ್ಲಾ ಒಬ್ಬಾಕಿನ ಮಾಡೀನಿ.”

“ಭಾಳ ತ್ರಾಸ ಆಗಿರಬೇಕು...”

“ನಡುವ ಒಂದೀಟ ಆತ್ರೀ. ಗಂಟ ಬಿದ್ದಿತ್ತು. ಎಲ್ಲಾ ಬಿಚ್ಚಿ ಮತ್ತ ಮೊದಲಿಂದ ಸುರು ಮಾಡಿದೆ.”

ಗಂಗೂಬಾಯಿ ಬಾಯಿಗೆ ಸೆರಗು ಒತ್ತಿಕೊಂಡಳು. ಉಳಿದವರ ಕಣ್ಣು ನನ್ನ ಹಣೆಯ ಕುಂಕುಮ, ಕೈಯ ಬಳೆಗಳ ಮೇಲೆಯೇ ಇತ್ತು. ಬುಟ್ಟಿ ತೆರೆದರೆ ಕಡಲೆಹಿಟ್ಟಿನ ಜುಣಕ, ಬಿಸಿ ರೊಟ್ಟಿ. ಎಷ್ಟೋ ದಿನಗಳ ಮೇಲೆ ಇನ್ನೊಬ್ಬರ ಕೈಯ ರುಚಿ. ಸಂಕೋಚ ಬಿಟ್ಟು ಅಲ್ಲೇ ಉಂಡೆ, “ಖಾರ ಛಂದ ಬಿದ್ದೈತ್ರಿ” ಎಂದೆ, ಇನ್ನೊಂದು ರೊಟ್ಟಿ ಮುರಿದೆ. ಸತ್ತವರ ಮನೆಯಲ್ಲಿ ಒಲೆ ಹಚ್ಚಬಾರದು, ನೆರೆಯವರು ಜುಣಕ ರೊಟ್ಟಿ ತಂದು ಒತ್ತಾಯ ಮಾಡಿ ಉಣಿಸಬೇಕು ಎಂಬ ರೀತಿ ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಹಸಿದವಳಿಗೆ ರೀತಿ ನೆನಪಾಗುತ್ತದೆಯೇ? ಒತ್ತಾಯ ಮಾಡುವ ಪ್ರಸಂಗವನ್ನೇ ನಾನು ಅವರಿಗೆ ಕೊಡಲಿಲ್ಲ.

ಆಗಲೇ ಹೊರಗಿನಿಂದ “ಶಾಂತಾ! ಶಾಂತಾ!” ಎಂದು ನಡುಗುವ ದನಿ ಕೇಳಿಸಿತು. ಮದುವೆಯಾದಂದಿನಿಂದ “ಏಯ್” ಎಂದೇ ಕರೆಯುತ್ತಿದ್ದ ನಮ್ಮವರು! ಕಣಕುಂಬಿಯ ಬಸ್ಸಿಳಿದು ಬಂದವರಿಗೆ ಕಂಡದ್ದು ಕದದ ಮೇಲೆ ಬಿಳಿ ಚಕ್ರ, ಹೊಸ್ತಿಲ ಹೊರಗೆ ರಾಶಿ ಚಪ್ಪಲಿ, ಒಳಗೆ ಗಪ್ಪುಚಿಪ್ಪಾಗಿ ಕುಳಿತ ಹೆಂಗಸರು. ಅವರ ಪಾಲಿಗೆ ನಾನು ಹೋಗಿದ್ದೆ. ಹೆಂಗಸರ ಪಾಲಿಗೆ ಹೋದವರೇ ಬಾಗಿಲಲ್ಲಿ ನಿಂತಿದ್ದರು. ಒಬ್ಬಾಕೆ ಚೀರಿದಳು. ಆಕೆಯನ್ನು ನೋಡಿ ನಮ್ಮವರೂ ಚೀರಿದರು.

ಎಲ್ಲ ತಿಳಿಯಾದ ಮೇಲೆ ಗಂಗೂಬಾಯಿ ನಕ್ಕು ನಕ್ಕು ಕಣ್ಣೊರೆಸಿಕೊಂಡು, ಕದದ ಚಕ್ರದತ್ತ ನೋಡಿದಳು. “ನಮ್ಮ ಮೈದುನ ಮಿಲ್ಟ್ರಿಯೊಳಗ ಇದ್ದ. ಅವನ ಹೆಣಾ ತಂದಾಗ ಪೆಟಗಿ ಮ್ಯಾಲ ಇಂಥಾದs ಬಿಳಿ ಹೂವಿನ ಚಕ್ರ ಇಟ್ಟಿದ್ರು. ಅದಕ್ಕ ಮನಿ ಕೆಲಸ ಬಿಟ್ಟು ಓಡಿ ಬಂದ್ನಿರೀ,” ಎಂದಳು. ನಾನು ಚಕ್ರ ಇಳಿಸಲು ಎದ್ದೆ. ಅವಳೇ ತಡೆದಳು. “ಇರ್ಲಿ ಬಿಡ್ರಿ. ಒಂದೀಟ ಕೆಂಪ ಹಚ್ಚಿದ್ರ ಆತು,” ಎಂದು ತನ್ನ ಮನೆಯಿಂದ ಕೆಂಪು ಉಲ್ಲನ್ ತಂದುಕೊಟ್ಟಳು.

ಅಂದಿನಿಂದ ಮಧ್ಯಾಹ್ನವೆಲ್ಲ ನನ್ನ ಮನೆಯಲ್ಲೇ ಓಣಿ. ಊರಿನ ಚೆನ್ನಾಗಿದ್ದ ಸಾಣಿಗೆಗಳೂ ಜಾಲರಿ ಕಳೆದುಕೊಂಡವು. ನನ್ನ ಕಾಗದದಿಂದ ಸುದ್ದಿ ತಿಳಿದು ಆಪಾ ಒಂದು ದಿನ ರೈಲಿಳಿದು ಬಂದೇಬಿಟ್ಟಳು. ಏನೇನು ಹೇಳಬೇಕೆಂದು ಕೂಡಿಟ್ಟುಕೊಂಡಿದ್ದೆ! ಅವಳು ಕೂಡುವುದೇ ತಡ, ಓಣಿಯವರೆಲ್ಲ ತಮ್ಮ ತಮ್ಮ ದಾರದ ಗಂಟುಗಳನ್ನು ಅವಳ ಮಡಿಲಿಗೆ ಸುರಿದರು. ಅವಳು ಬೈಯುತ್ತಾ ಬಿಚ್ಚಿಕೊಡುತ್ತಿದ್ದಳು, ನಾನು ಅಡುಗೆಮನೆಯಲ್ಲಿ ಎಲ್ಲರಿಗೂ ಚಹಾ ಕಾಸುತ್ತಿದ್ದೆ. ನನಗಾಗಿ ಇಟ್ಟಿದ್ದ ಬೈಗುಳವನ್ನೆಲ್ಲ ಅವರೇ ತಿಂದು ಮುಗಿಸಿದರು. ರೈಲಿನ ಹೊತ್ತಾಯಿತು. ಹೊರಟು ನಿಂತ ಆಪಾ ನನ್ನ ಕೆನ್ನೆ ತಟ್ಟಿ, “ಮಂದಿ ಛಲೋ ಸಿಕ್ಕಾರ. ಇನ್ನ ನನಗ ನಿನ್ನ ಚಿಂತಿಲ್ಲ,” ಎಂದು ಗಂಗೂಬಾಯಿಯ ಜೊತೆ ಮಾತಾಡುತ್ತಾ ನಡೆದುಬಿಟ್ಟಳು. ಚಿಂತೆಯಿಲ್ಲವಂತೆ! ಆಕೆಗೆ ನನ್ನ ಚಿಂತೆ ಇರಲಿ ಎಂದೇ ಅಲ್ಲವೇ ನಾನು ಅಷ್ಟು ದಿನ ಬದುಕಿದ್ದು? ರಾತ್ರಿ ಊಟ ಸೇರಲಿಲ್ಲ.

ಮರುದಿನ ಕದ ಬಡಿಯಿತು. ಮನೆಯಲ್ಲಿ ಇಲ್ಲದವಳಂತೆ ಮೂಲೆಯಲ್ಲಿ ಕುಳಿತೆ. ಮತ್ತೆ ಬಡಿಯಿತು.

“ಅಕ್ಕಾರs, ಒಳಗ ಅದೀರಂತ ಗೊತ್ತೈತ್ರೀ,” ಗಂಗೂಬಾಯಿಯ ದನಿ. “ನಿಮ್ಮ ಆಪಾ ನಿನ್ನಿ ಟೇಸನ್‌ದಾಗ ಹೇಳಿ ಹೋಗ್ಯಾರ. ‘ನಾ ಹೋದ ಮ್ಯಾಲ ಈಕಿ ಮಾರಿ ಉಬ್ಬಿಸ್ಕೊಂಡ ಕುಂದರ್ತಾಳ, ಕದಾ ತಗಿಯೂತನಕ ಬಡೀರಿ’ ಅಂದಾರ. ನನಗೇನ ಅವಸರಿಲ್ಲ, ಬಡಕೋತ ನಿಂದರ್ತೀನಿ.”

ಎದ್ದು ಹೋಗಿ ಕದ ತೆಗೆದೆ. ಆಪಾ ಹೇಳಿದಂತೆಯೇ ಉಬ್ಬಿದ್ದ ಮೋರೆಯನ್ನು ಸರಿಮಾಡಿಕೊಳ್ಳಲು ಆಗಲೇ ಇಲ್ಲ.