ಒಂದು ಕೆವಿಎ, ಒಬ್ಬಳು ಅಮ್ಮ

ಎಲ್ಲಿಗೆ ಹೊರಟರೂ ನನಗೆ ಎದೆ ನಡುಗಿಸುವ ಪ್ರಸಂಗ ಒಂದಾದರೂ ತಪ್ಪಿದ್ದಲ್ಲ. ಮರುಭೂಮಿಯಲ್ಲಿ ದಾರಿ ತಪ್ಪಿದ್ದೇನೆ, ಗಡಿಯಲ್ಲಿ ಪಾಸ್‌ಪೋರ್ಟ್ ಕಳೆದುಕೊಂಡಿದ್ದೇನೆ. ಆಗೆಲ್ಲ ಇಲ್ಲದ ಹೆದರಿಕೆ ಈ ಸಲ ಬಸವನಗುಡಿಯ ನಮ್ಮ ಮನೆ ಗೇಟಿನ ಮುಂದೆಯೇ ಹಿಡಿಯಿತು.

ಹಳೆಯ ವ್ಯಾನೊಂದಕ್ಕೆ ಮಂಚ, ಒಲೆ, ಪುಟ್ಟ ಫ್ರಿಜ್ ಹಾಕಿಸಿ ಓಡಾಡುವ ಮನೆ ಮಾಡಿಸಿದ್ದೆ. "ನಾನೂ ಬರ್ತೀನಿ" ಅಂದಳು ಎಪ್ಪತ್ತೆಂಟರ ಅಮ್ಮ. ಅವಳ ಇನ್ಸುಲಿನ್ ತಣ್ಣಗಿರಬೇಕು. ಫ್ರಿಜ್ ನಿಂತರೆ ಔಷಧಿ ಕೆಡುತ್ತದೆ, ಔಷಧಿ ಕೆಟ್ಟರೆ... ಮುಂದಕ್ಕೆ ಯೋಚಿಸಲಾಗದೆ ಜನರೇಟರ್ ಹುಡುಕಲು ಹೊರಟೆ.

ಅಂಗಡಿಯವರು

ಅವೆನ್ಯೂ ರಸ್ತೆಯ ಆಚೆ ಒಂದು ಅಂಗಡಿ. "ಮದುವೆನಾ, ಗೃಹಪ್ರವೇಶನಾ ಮೇಡಂ?"

"ವ್ಯಾನ್‌ಗೆ."

"ಓ, ಗಣಪತಿ ಮೆರವಣಿಗೆ!" ಅಂತ ಬೀರುವಿನಷ್ಟು ದೊಡ್ಡದೊಂದನ್ನು ತೋರಿಸಿದರು.

"ಇದನ್ನ ಒಳಗಿಟ್ರೆ ನಾವು ಎಲ್ಲಿ ಮಲಗೋದು ಸ್ವಾಮಿ?"

"ಮಲಗೋದಾ? ಇದು ಶುರುವಾದ್ರೆ ಇಡೀ ಬೀದೀಲಿ ಯಾರೂ ಮಲಗಲ್ಲ."

ಎಲೆಕ್ಟ್ರಿಷಿಯನ್

ಹನುಮಂತನಗರದಿಂದ ಬಂದ ಎಲೆಕ್ಟ್ರಿಷಿಯನ್ ಕಾಗದ ಹಿಡಿದು ಕೂತರು. ಫ್ರಿಜ್, ಫ್ಯಾನ್, ಎರಡು ಲೈಟು, ಫೋನ್ ಚಾರ್ಜರ್. "ಒಂದು ಕೆವಿಎ ಧಾರಾಳ. ಆದ್ರೆ ಮೋಟಾರ್ ಇರೋದೆಲ್ಲ ಶುರುವಾಗೋವಾಗ ಎರಡು ಮೂರು ಪಟ್ಟು ಕರೆಂಟ್ ಎಳೆಯತ್ತೆ. ಹಾಂ, ಇದನ್ನ ವ್ಯಾನ್ ಒಳಗಂತೂ ಇಡಲೇಬೇಡಿ. ಹೊಗೆ ತುಂಬಿದ್ರೆ ಗೊತ್ತೇ ಆಗಲ್ಲ, ಹಾಗೇ ಹೋಗ್ಬಿಡ್ತೀರ."

ನನಗೆ ಬೆವರು. ಅಮ್ಮ ಮಾತ್ರ, "ನೋವಿರಲ್ವಾಪ್ಪ?" ಅಂತ ವಿಚಾರಿಸಿದಳು.

"ಕರೆಂಟಿಗೆ ಇನ್ನೇನಾದ್ರೂ ಹಾಕೋದು ಇದೆಯಾ ಅಮ್ಮ?" ಅಂದರು ಅವರು.

"ಏನಿಲ್ಲಪ್ಪ. ಇನ್ನೊಂದು ಲೋಟ ಕಾಫಿ ತಗೋ."

ಕೇಳದೇ ಎರಡನೇ ಕಾಫಿ ಕೊಟ್ಟಳೆಂದರೆ ಅಮ್ಮ ಏನೋ ಮುಚ್ಚಿಡುತ್ತಿದ್ದಾಳೆ ಎಂದೇ ಅರ್ಥ. ಐವತ್ತು ವರ್ಷ ಅವಳ ಮಗಳಾಗಿದ್ದೂ ನನಗದು ಹೊಳೆಯಲಿಲ್ಲ.

ಪರೀಕ್ಷೆ

ಹೊರಡುವ ಹಿಂದಿನ ದಿನ ಬೆಳಿಗ್ಗೆ, ಅವರ ಲೆಕ್ಕದಂತೆ ಕೊಂಡು ತಂದ ಒಂದು ಕೆವಿಎ ಜನರೇಟರನ್ನು ಫುಟ್‌ಪಾತಿನ ಮೇಲಿಟ್ಟು ಶುರು ಮಾಡಿದೆ. ವ್ಯಾನಿನಲ್ಲಿ ಫ್ರಿಜ್ ಗುಂಯ್ ಅಂದಿತು. ಗಡಿಯಾರ ನೋಡುತ್ತಾ ನಿಂತೆ. ಐದು ನಿಮಿಷ. ಹತ್ತು. ಉಸಿರು ಬಿಡುವಷ್ಟರಲ್ಲಿ ಒಳಗೇನೋ ಗರ್ರ್ ಅಂದು ಎಲ್ಲವೂ ತಟ್ಟನೆ ನಿಂತುಹೋಯಿತು.

ಓಡಿ ಹತ್ತಿದೆ. ಅಮ್ಮ ಮಿಕ್ಸಿ ಮುಂದೆ ಕೂತಿದ್ದಳು, ಜಾರಿನಲ್ಲಿ ಕಾಯಿ, ಹುರಿಗಡಲೆ.

"ಇದೆಲ್ಲಿಂದ ಬಂತು?"

"ಸೀರೆ ಮಧ್ಯೆ ಇಟ್ಟಿದ್ದೆ. ಎರಡೇ ಸುತ್ತು ಕಣೆ. ಚಟ್ನಿ ಇಲ್ಲದೆ ಊರೂರು ಅಲೀಬೇಕಾ?"

"ದಾರೀಲಿ ಹೀಗಾಗಿದ್ರೆ ನಿನ್ನ ಇನ್ಸುಲಿನ್ ಗತಿಯೇನಮ್ಮ!" ಫ್ರಿಜ್ ತೆಗೆದೆ. ಒಳಗೆ ಎರಡು ಡಬ್ಬ ದೋಸೆ ಹಿಟ್ಟು, ಒಂದು ಕಟ್ಟು ಕೊತ್ತಂಬರಿ ಸೊಪ್ಪು. ಇನ್ಸುಲಿನ್ ಇಲ್ಲ. ಡಬ್ಬ ಸರಿಸಿ ಹಿಂದೆಲ್ಲ ತಡಕಿದೆ.

ಅಮ್ಮ ನಿಧಾನವಾಗಿ ತನ್ನ ಕೈಚೀಲದಿಂದ ತಣ್ಣೀರಿನ ಫ್ಲಾಸ್ಕ್ ತೆಗೆದು ಮುಚ್ಚಳ ತಿರುಗಿಸಿದಳು. ಒಳಗೆ ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಸುತ್ತಿದ ಇನ್ಸುಲಿನ್.

"ನಿನ್ನ ಜನರೇಟರ್ ನಂಬಿ ಹಿಟ್ಟು ಇಡಬಹುದು ಕಣೆ," ಅಂದಳು, "ಪ್ರಾಣ ಇಡಕ್ಕಾಗತ್ತಾ?"