ತೂಕಪ್ಪನವರ ನಾಲ್ಕನೆಯ ಯಂತ್ರ

ಅನುಮಾನಕ್ಕೊಂದು ಸಿಂಹಾಸನವಿದ್ದರೆ ಅದರ ಮೇಲೆ ಎಡಗಣ್ಣು ಮುಚ್ಚಿಕೊಂಡು ಕುಳಿತಿರುವವರು ತೂಕಪ್ಪನವರೇ. ಮೂವತ್ತೊಂದು ವರ್ಷ ಸಿಮೆಂಟ್ ಕಾರ್ಖಾನೆಯ ಬಾಗಿಲಲ್ಲಿ ಲಾರಿ ತೂಗಿ ನಿವೃತ್ತರಾದ ಈ ಮಹಾನುಭಾವರ ನಿಜವಾದ ಹೆಸರು ಅವರ ಪಿಂಚಣಿ ಪುಸ್ತಕಕ್ಕೆ ಮಾತ್ರ ನೆನಪಿದೆ. ಅಂಕಿ ಯಾವುದೇ ಬರಲಿ, ಎಡಗಣ್ಣು ಮುಚ್ಚಿ ಬಲಗಣ್ಣಿನಿಂದ ಎರಡು ಸಲ ನೋಡದೆ ಅವರು ನಂಬಿದವರಲ್ಲ. ಆ ಒಂಟಿಗಣ್ಣಿನ ನೋಟಕ್ಕೆ ಹದಿನಾರು ಚಕ್ರದ ಲಾರಿಗಳೂ ನಿಂತಲ್ಲೇ ಬೆವರುತ್ತಿದ್ದವು ಎನ್ನುತ್ತಾರೆ ಚಾಲಕರು. ಒಮ್ಮೆ ಖಾಲಿ ಲಾರಿಯೊಂದು ಇರಬೇಕಾದ್ದಕ್ಕಿಂತ ಭಾರವಾಗಿದೆ ಎಂದು ಅದನ್ನು ಶೋಧಿಸಿ, ಸೀಟಿನ ಹಿಂದೆ ಮಲಗಿದ್ದ ಬೆಕ್ಕನ್ನೂ ಅದರ ಮೂರು ಮರಿಗಳನ್ನೂ ಇಳಿಸಿದರಂತೆ. ಲೆಕ್ಕ ಇನ್ನೂ ಕೂಡುತ್ತಿಲ್ಲವೆಂದು ನಾಲ್ಕನೆಯ ಮರಿಯನ್ನು ಹುಡುಕಿಸಿದರಂತೆ. ಸಿಕ್ಕಿತಂತೆ.

ಇಂಥವರ ಮನೆಗೆ, ಬಚ್ಚಲುಮನೆಯಲ್ಲಿಡಲು ತೂಕದ ಯಂತ್ರವೊಂದು ಬೇಕಾಗಿ ಬಂದದ್ದು ಯಂತ್ರಕುಲದ ದುರದೃಷ್ಟ. ಆ ಬೆಳಿಗ್ಗೆ ಮೂರನೆಯ ಯಂತ್ರವನ್ನು ಅವರು ಡಬ್ಬಿಗೆ ತುಂಬುತ್ತಿದ್ದರು. ಹೆಂಡತಿ ಗೋಡೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು.

ಹೆಂಡತಿ: ಇದಕ್ಕೇನು ರೀ ಬಂತು ರೋಗ? ನಿನ್ನೆ ಎಪ್ಪತ್ತೊಂಬತ್ತು ಪಾಯಿಂಟ್ ಎಂಟು, ಇವತ್ತು ಎಪ್ಪತ್ತೊಂಬತ್ತು ಪಾಯಿಂಟ್ ಆರು. ನೆಟ್ಟಗೇ ಹೇಳ್ತಿದೆಯಲ್ಲ.

ತೂಕಪ್ಪ: ಮಧ್ಯದಲ್ಲಿ ನಿಂತ್ರೆ ನೆಟ್ಟಗೆ ಹೇಳುತ್ತೆ. ಮೂಲೇಲಿ ನಿಂತ್ರೆ ಇನ್ನೂರು ಗ್ರಾಂ ನುಂಗಿ ಹಾಕುತ್ತೆ.

ಹೆಂಡತಿ: ನಾನ್ಯಾಕೆ ಮೂಲೇಲಿ ನಿಂತ್ಕೊಳ್ಳಲಿ? ಏನು ತಪ್ಪು ಮಾಡಿದೀನಿ?

ತೂಕಪ್ಪನವರು ಡಬ್ಬಿಯ ಮುಚ್ಚಳಕ್ಕೆ ಟೇಪು ಹಚ್ಚಿದರು. ಉತ್ತರ ಸಿಗದ ಪ್ರಶ್ನೆಗಳಿಗೆಲ್ಲ ಅವರು ಹೀಗೆ ಟೇಪು ಹಚ್ಚುವುದು ರೂಢಿ.

ಇಷ್ಟಕ್ಕೆಲ್ಲ ಮೂಲ ಆಕೆಯ ಎರಡು ಮಂಡಿಗಳು. ಕಿಟಕಿ ಪರದೆ ಹೊಲಿಯುವುದರಲ್ಲಿ ಆಕೆಗೆ ನಾಲ್ಕು ಬೀದಿಯಲ್ಲಿ ಹೆಸರು. ಹೊಲಿಗೆ ಯಂತ್ರ ಇರುವುದು ಮಹಡಿಯ ಕೋಣೆಯಲ್ಲಿ. ಬಟ್ಟೆ ಕತ್ತರಿಸುವ ಉದ್ದನೆಯ ಮೇಜು ಮೆಟ್ಟಿಲಿನ ತಿರುವಿನಲ್ಲಿ ಇಳಿಯುವುದಿಲ್ಲ. ಆಕೆ ಆ ಮೆಟ್ಟಿಲು ಹತ್ತಿ ಹನ್ನೊಂದು ತಿಂಗಳಾಗಿತ್ತು. ಮಂಡಿ ಬದಲಿಸೋಣ, ಆದರೆ ತೂಕ ಇಳಿಯಬೇಕು ಎಂದಿದ್ದರು ಡಾಕ್ಟರು. ಪ್ರತಿ ಸಲ ಆಸ್ಪತ್ರೆಗೆ ಕುಂಟಿಕೊಂಡು ಬರುವುದು ಬೇಡ, ಮನೆಯಲ್ಲೇ ಒಂದು ಯಂತ್ರ ಇಟ್ಟುಕೊಳ್ಳಿ. ಒಂದೇ ಯಂತ್ರದಲ್ಲಿ ಸತತ ಮೂರು ಬೆಳಿಗ್ಗೆ ಎಂಬತ್ತರ ಕೆಳಗೆ ಬಂದರೆ ಫೋನ್ ಮಾಡಿ, ಅವತ್ತೇ ಆಪರೇಷನ್‌ಗೆ ದಿನ ಗೊತ್ತುಮಾಡೋಣ ಎಂದಿದ್ದರು. ಏಳು ತಿಂಗಳು ಅರ್ಧ ತಟ್ಟೆ ಉಂಡು ಆಕೆ ಎಂಬತ್ತೆಂಟರಿಂದ ಇಲ್ಲಿಗೆ ಇಳಿದಿದ್ದಳು. ಇನ್ನು ಬೇಕಾದದ್ದು ಒಂದು ಯಂತ್ರ, ಮೂರು ಬೆಳಿಗ್ಗೆ.

ಮೊದಲನೆಯದು ಮುಳ್ಳಿನ ಯಂತ್ರ. ತೂಕಪ್ಪನವರು ಅದರ ಮೇಲೆ ಇಪ್ಪತ್ತು ಲೀಟರಿನ ನೀರಿನ ಕ್ಯಾನ್ ಇಟ್ಟು, ಕ್ಯಾನಿನ ಖಾಲಿ ತೂಕ ಕಳೆದು, ಮುಳ್ಳು ಒಂದು ಗೆರೆ ಹೆಚ್ಚು ಓಡಿದೆ ಎಂದು ಕಾಗದದಲ್ಲಿ ಸಾಧಿಸಿ ತೋರಿಸಿದ್ದರು. ಎರಡನೆಯದು ಗಾಜಿನದು. ಅದು ಮೂರು ನಿಮಿಷದ ಅಂತರದಲ್ಲಿ ನೂರು ಗ್ರಾಂ ಕಡಿಮೆ ತೋರಿಸಿತು. ಆ ನೂರು ಗ್ರಾಂ ಎಲ್ಲಿಗೆ ಹೋಯಿತು ಎಂದು ಅವರು ಕೇಳಿದಾಗ, ನಿಮ್ಮ ಜೊತೆ ವಾದ ಮಾಡಿ ಕರಗಿಹೋಯಿತು ಎಂದಿದ್ದಳು ಹೆಂಡತಿ. ಆದರೂ ಅದು ಡಬ್ಬಿ ಸೇರಿತು.

ಅಷ್ಟರಲ್ಲಿ ಕರೆಗಂಟೆ ಸದ್ದಾಯಿತು. ಬಂದವನು ತಕ್ಕಡಿ ಅಂಗಡಿಯವನು. ಹೆಂಡತಿ ಬೆಳಿಗ್ಗೆಯೇ ಗುಟ್ಟಾಗಿ ಫೋನ್ ಮಾಡಿ ಕರೆಸಿದ್ದಳು. ಒಂದು ಕಂಕುಳಲ್ಲಿ ಹೊಸ ಯಂತ್ರ. ಇನ್ನೊಂದು ಕೈಯ ಚೀಲದಲ್ಲಿ ಸರ್ಕಾರಿ ಮುದ್ರೆಯ ತಲಾ ಐದು ಕಿಲೋದ ಕಬ್ಬಿಣದ ತೂಕದ ಬಟ್ಟುಗಳು ನಾಲ್ಕು. ಅವನ ಒಂದು ಭುಜ ನೆಲಕ್ಕೆ ಹತ್ತಿರವಾಗಿತ್ತು.

ಅಂಗಡಿಯವನು: ಸಾರ್, ಇದು ನಾಲ್ಕನೇದು. ನಮ್ಮಪ್ಪನ ಕಾಲದಿಂದ ಅಂಗಡಿ ನಡೆಸ್ತಿದೀವಿ, ಒಂದೇ ಮನೆಯಿಂದ ಮೂರು ಯಂತ್ರ ವಾಪಸ್ ಬಂದಿರಲಿಲ್ಲ. ಡಬ್ಬಿ ಸಮೇತ ತಂದ್ರೆ ವಾಪಸ್ ತಗೋಬೇಕು ಅಂತ ನಾನೇ ಬೋರ್ಡ್ ಬರೆಸಿದೀನಿ, ಅದು ನನ್ನ ತಪ್ಪು.

ತೂಕಪ್ಪ: ನೆಲ ಸಮ ಇರ್ಬೇಕಪ್ಪ. ಮೊದ್ಲು ನೆಲ ನೋಡು.

ಅಂಗಡಿಯವನು ಜೇಬಿನಿಂದ ಗಾರೆಯವರ ರಸಮಟ್ಟ ತೆಗೆದು ನೆಲದ ಮೇಲಿಟ್ಟ. ಗುಳ್ಳೆ ನಟ್ಟ ನಡುವೆ ಬಂದು ಕುಳಿತಿತು. ತೂಕಪ್ಪನವರು ಎಡಗಣ್ಣು ಮುಚ್ಚಿ ಗುಳ್ಳೆಯನ್ನು ನೋಡಿದರು. ಗುಳ್ಳೆ ಜಗ್ಗಲಿಲ್ಲ. ಬಟ್ಟುಗಳನ್ನು ಒಂದೊಂದಾಗಿ ಯಂತ್ರದ ಮೇಲಿಟ್ಟಾಗ ಐದು, ಹತ್ತು, ಹದಿನೈದು, ಇಪ್ಪತ್ತು ಎಂದು ಅದು ಶಾಲೆಯ ಮಗುವಿನ ಹಾಗೆ ಮಗ್ಗಿ ಒಪ್ಪಿಸಿತು. ನಾಲ್ಕೂ ಮೂಲೆಗಿಟ್ಟು ನೋಡಿದರೂ ಅದೇ ಅಂಕಿ. ತೂಕಪ್ಪನವರ ಹಣೆಯಲ್ಲಿ ಒಂದು ಹನಿ ಬೆವರು ಕಾಣಿಸಿತು. ಹೆಂಡತಿ ಅದನ್ನು ಗಮನಿಸಿದಳು. ಯಂತ್ರ ತಪ್ಪಿದಾಗಲೆಲ್ಲ ಹಾಯಾಗಿದ್ದ ಮನುಷ್ಯ, ಯಂತ್ರ ಸರಿಯಿದ್ದಾಗ ಬೆವರುವುದೇಕೆ?

ಆಕೆ ಗೋಡೆ ಬಿಟ್ಟು ನಿಧಾನಕ್ಕೆ ಯಂತ್ರ ಹತ್ತಿದಳು.

ತೂಕಪ್ಪ: ಮಾತಾಡ್ಬೇಡ. ಅಂಕಿ ಅಲ್ಲಾಡುತ್ತೆ. ಲಾರಿ ಬಂದ್ರೂ ಮೊದ್ಲು ಎಂಜಿನ್ ಆಫ್ ಮಾಡಿಸ್ತಿದ್ದೆ.

ಹೆಂಡತಿ: ಡ್ರೈವರನ್ನೂ ಇಳಿಸ್ತಿದ್ರಿ. ನನ್ನೊಳಗಿಂದ ಯಾರನ್ನ ಇಳಿಸ್ತೀರಿ?

ಅಂಗಡಿಯವನು: ಎಪ್ಪತ್ತೊಂಬತ್ತು ಪಾಯಿಂಟ್ ಆರು. ಬೆಳಿಗ್ಗೆ ಆ ಯಂತ್ರ ಎಷ್ಟು ತೋರಿಸ್ತು ಅಂತ ಫೋನಲ್ಲಿ ಹೇಳಿದ್ರೋ ಅಷ್ಟೇ, ಅಮ್ಮಾ.

ತೂಕಪ್ಪ: ಹಾಗಾದ್ರೆ ಎರಡೂ ತಪ್ಪು.

ಹೆಂಡತಿ: ಎರಡೂ ಸೇರಿ ಒಂದೇ ಸುಳ್ಳು ಹೇಳೋಕೆ ಅವೇನು ಓರಗಿತ್ತಿಯರೇ? ಸರಿ, ನೀವೇ ಹೇಳಿ. ಎಷ್ಟು ತೋರಿಸ್ಬೇಕಿತ್ತು?

ತೂಕಪ್ಪ: ಎಂಬತ್ತು ಪಾಯಿಂಟ್ ಎರಡಾದ್ರೂ ತೋರಿಸ್ಬೇಕಿತ್ತು.

ಮಾತು ಬಾಯಿಂದ ಜಾರಿದ ಮೇಲೆ ಅವರು ಅದರ ತೂಕ ನೋಡಿಕೊಂಡರು. ಅಂಗಡಿಯವನು ಚೀಲದ ಹಿಡಿ ಬಿಟ್ಟ.

ಹೆಂಡತಿ ಯಂತ್ರದ ಮೇಲೆಯೇ ನಿಂತು ಬೆರಳು ಮಡಿಸತೊಡಗಿದಳು. ಮುಳ್ಳಿನ ಯಂತ್ರ ಬಂದದ್ದು ಸೋಮವಾರ, ಮಂಗಳವಾರ ತಿಂಡಿ ಹೊತ್ತಿಗೆ ವಾಪಸ್. ಗಾಜಿನದು ಗುರುವಾರ ಬೆಳಿಗ್ಗೆ ತೂಗಿತು, ಶುಕ್ರವಾರ ತೂಗಿತು, ಮಧ್ಯಾಹ್ನ ಡಬ್ಬಿಯೊಳಗೆ. ಇದು ನಿನ್ನೆ, ಇವತ್ತು.

ಹೆಂಡತಿ: ಈ ಮನೇಲಿ ಮೂರನೇ ಬೆಳಿಗ್ಗೆ ನೋಡಿದ ಯಂತ್ರ ಒಂದಾದ್ರೂ ಇದೆಯಾ ರೀ?

ತೂಕಪ್ಪನವರು ಟೇಪು ಹುಡುಕಿದರು. ಟೇಪು ಹೆಂಡತಿಯ ಕೈಯಲ್ಲಿತ್ತು.

ಆಕೆ ಯಂತ್ರದಿಂದ ಇಳಿದು, ನಾಲ್ಕನೆಯದರ ಖಾಲಿ ಡಬ್ಬಿಯನ್ನು ಎತ್ತಿ ಅಂಗಡಿಯವನ ಕೈಗೆ ಕೊಟ್ಟಳು. ಯಂತ್ರ ಇಲ್ಲೇ ಇರಲಿ, ಇದನ್ನು ತೆಗೆದುಕೊಂಡು ಹೋಗಪ್ಪ, ಹೋಗುವ ದಾರಿಯಲ್ಲಿ ಹರಿದು ಹಾಕು, ನಮ್ಮನೆಯವರು ಬಂದು ಕೇಳಿದರೆ ಡಬ್ಬಿಯಿಲ್ಲದೆ ವಾಪಸ್ಸಿಲ್ಲ ಎಂದು ನಿನ್ನ ಬೋರ್ಡ್ ತೋರಿಸು ಎಂದಳು. ಇವತ್ತು ಒಂದು ಬೆಳಿಗ್ಗೆ ಆಯಿತು, ನಾಳೆ ಎರಡು, ನಾಡಿದ್ದು ಹತ್ತು ಗಂಟೆಗೆ ಡಾಕ್ಟರಿಗೆ ಫೋನ್ ಎಂದೂ ಸೇರಿಸಿದಳು. ತೂಕಪ್ಪನವರು ತಡೆಯಲಿಲ್ಲ. ಹೊಸ ಯಂತ್ರವನ್ನು ತಾವೇ ಎತ್ತಿ ಬಚ್ಚಲುಮನೆಯ ಬಾಗಿಲ ಪಕ್ಕ, ಆಕೆಗೆ ಹಿಡಿದುಕೊಳ್ಳಲು ಗೋಡೆ ಸಿಗುವ ಕಡೆ ಇಟ್ಟರು. ಒಂದು ಮೂಲೆ ಅಲುಗುತ್ತದೆಯೇ ಎಂದು ಬೆರಳಿನಿಂದ ಒತ್ತಿ ನೋಡಿದರು. ಅಲುಗಲಿಲ್ಲ.

ಡಬ್ಬಿ, ಬಟ್ಟುಗಳ ಚೀಲ, ಮೂರನೆಯ ಯಂತ್ರ ಎಲ್ಲವನ್ನೂ ಹೊತ್ತ ಅಂಗಡಿಯವನು ಹೊಸಿಲಿನ ಹತ್ತಿರ ನಿಂತ. ತೂಕಪ್ಪನವರ ಮೇಲೆ ಅವನಿಗೆ ಒಂದು ವಾರದಿಂದ ಸಿಟ್ಟಿತ್ತು; ಆದರೆ ಆ ಸಿಟ್ಟಿನ ತಳದಲ್ಲಿ ಒಂದು ಭಕ್ತಿಯೂ ಬೆಳೆದಿತ್ತು.

ಅಂಗಡಿಯವನು: ಸಾರ್, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನೀರು ಇಟ್ಟು ನೋಡಿದ್ರಿ, ಮೂಲೆ ನೋಡಿದ್ರಿ, ನಿಮಿಷ ಲೆಕ್ಕ ಹಾಕಿದ್ರಿ. ತಕ್ಕಡಿ ಮಾಡೋರೂ ಇಷ್ಟು ನೋಡಲ್ಲ. ಒಂದು ಗ್ರಾಂ ಸುಳ್ಳೂ ಭೂಮಿ ಮೇಲೆ ಉಳೀಬಾರ್ದು ಅನ್ನೋ ಮನುಷ್ಯರು ಇನ್ನೂ ಇದಾರೆ ಅಂತ ನಾನು ಅಂಗಡಿಗೆ ಬಂದೋರಿಗೆಲ್ಲ ನಿಮ್ಮ ಕಥೆ ಹೇಳ್ತಿದೀನಿ. ಇದೆಲ್ಲ ಸತ್ಯಕ್ಕೋಸ್ಕರ ತಾನೇ, ಸಾರ್?

ತೂಕಪ್ಪನವರು ಒಳಗೆ ನಿಂತ ಹೆಂಡತಿಯನ್ನು ಎರಡೂ ಕಣ್ಣು ತೆರೆದು ನೋಡಿದರು.

ತೂಕಪ್ಪ: ಇಲ್ಲಪ್ಪ. ಇವಳನ್ನ ಆಪರೇಷನ್‌ಗೆ ಒಳಗೆ ಕರ್ಕೊಂಡು ಹೋದ್ರೆ, ಹೊರಗೆ ಬೆಂಚಿನ ಮೇಲೆ ಒಬ್ಬನೇ ಕೂತ್ಕೊಳ್ಳೋಕೆ ನಂಗೆ ಹೆದರಿಕೆ.